ಮೂರನೇ ಸಾಲಿನ ನಗು

ಮಾರ್ಚ್ ೧೬, ಭಾನುವಾರ

ಪ್ರೀತಿಯ ದೊಡ್ಡಮ್ಮನಿಗೆ,

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೋ ಗೊಳ್ಳೆಂದು ನಕ್ಕರು. ಅಮ್ಮ ಟೀ ಕುಡಿಯುತ್ತ ಕೂತಿದ್ದಳು. ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಗಾಳಿಯಲ್ಲಿ ಯಾವುದೋ ಗುಂಡಿ ಹಿಡಿದಂತೆ ಎಡಕ್ಕೆ ತಿರುಗಿದವು. ಅವಳಿಗದು ಗೊತ್ತೇ ಆಗಲಿಲ್ಲ. ನಾನು ಮಾತ್ರ ನೋಡಿಬಿಟ್ಟೆ.

ನಿನ್ನ ಎರಡು ಕಾಗದಕ್ಕೆ ಉತ್ತರ ಬಾಕಿ ಇದೆ, ಎಷ್ಟು ಬೇಕೋ ಅಷ್ಟು ಬೈದುಕೋ. "ನಮ್ಮ ಪಿಸಪಿಸ ನಾಲ್ಕು ಜನರ ಮುಂದೆ ಮೂಗಿ, ಕಾಗದದಲ್ಲಿ ವಾಚಾಳಿ" ಎಂದು ನೀನು ಎಲ್ಲರಿಗೂ ಹೇಳುತ್ತಿದ್ದೆಯಲ್ಲ, ಈಗ ಕಾಗದದಲ್ಲೂ ಮೂಗಿಯಾದಳೇ ಎಂದುಕೊಂಡಿರಬೇಕು. ಅದು ಹಾಗಲ್ಲ. ನನಗೆ ಕೆಲಸ ಸಿಕ್ಕಿದೆ, ಅದೂ ನೀನು ಹೊಲಿಗೆ ಯಂತ್ರ ತುಳಿದ ಅದೇ ಟೆಲಿವಿಷನ್ ಕೇಂದ್ರದಲ್ಲಿ!

ನೆಲಮಾಳಿಗೆಯಲ್ಲಿ ಹಳೆಯ ಟೇಪುಗಳ ಉಗ್ರಾಣವಿದೆ. ಅವನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಇಳಿಸುವವರು ನಿವೃತ್ತಿಗೆ ಒಂದು ವರ್ಷ ಉಳಿದಿರುವ ತಂತ್ರಜ್ಞರು, ಎಲ್ಲರ ಬಾಯಲ್ಲಿ ಟೇಪಣ್ಣ. ಪ್ರತಿ ಕಂತನ್ನೂ ನೋಡಿ ಅದರಲ್ಲೇನಿದೆ ಎಂದು ನಾಲ್ಕು ಸಾಲು ಬರೆಯುವುದು ನನ್ನ ಪಾಲು. ಸಾಹಿತ್ಯ ಓದಿದವಳು ಹೊಟ್ಟೆಗೇನು ಮಾಡುತ್ತಾಳೆ ಎಂದು ಕೇಳುತ್ತಿದ್ದವರಿಗೆಲ್ಲ ಅಮ್ಮ ಈಗ "ಟೀವಿ ನೋಡ್ತಾಳೆ, ತಿಂಗಳಾದ್ರೆ ಸಂಬಳ ತರ್ತಾಳೆ" ಎನ್ನುತ್ತಾಳೆ. ಮುಖದಲ್ಲಿ ಹೆಮ್ಮೆಯೋ ತಮಾಷೆಯೋ ತಿಳಿಯುವುದಿಲ್ಲ.

ಮೊದಲ ದಿನವೇ ಕೈಗೆ ಬಂದದ್ದು 'ಒಂದೇ ಮೆಟ್ಟಿಲು'. ಜಗಳವಾಡುವ ಎರಡು ಸಂಸಾರಕ್ಕೆ ಹತ್ತಿ ಇಳಿಯಲು ಇರುವುದು ಒಂದೇ ಮೆಟ್ಟಿಲು. ಅಷ್ಟು ಸಾಕಾಗಿತ್ತು ನೋಡು, ಎಂಟು ವರ್ಷ ನಗಿಸಲು. ಬಾಗಿಲು ಹಾಕಿದರೆ ಗೋಡೆಯೆಲ್ಲ ಅಲುಗುತ್ತದೆ, ಪಾಪ, ಅದು ಬಟ್ಟೆಯ ಗೋಡೆ. ಮನೆ ಮಾಲೀಕನ ಪಾತ್ರದವರು ಮಾತು ಮರೆತಾಗಲೆಲ್ಲ ಕನ್ನಡಕ ಒರೆಸುತ್ತಾರೆ. ಒಂದು ಕಂತಿನಲ್ಲಿ ಹನ್ನೊಂದು ಸಲ ಒರೆಸಿದರು, ನಾನು ಎಣಿಸಿದೆ. ನೇರ ಪ್ರಸಾರವಲ್ಲವೇ, ಇನ್ನೇನು ತಾನೇ ಮಾಡಿಯಾರು?

ನಾನು ನೋಡಿದ್ದು ಭಾನುವಾರಗಳ ಮರುಪ್ರಸಾರದಲ್ಲಿ. ಅಪ್ಪ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತ "ಈಗ ಬಂತಾ?" ಎಂದು ಕೂಗಬೇಕು. ನಾನು ಕಿಟಕಿಯಲ್ಲಿ ನಿಂತು "ಬಂತು" ಎಂದರೆ ಅವರಿಗೆ ಕೇಳಿಸದು. "ಅಯ್ಯೋ, ಗಂಟಲಲ್ಲಿ ಏನು ಇಟ್ಕೊಂಡಿದೀಯೇ?" ಎಂದು ಅಮ್ಮನೇ ಕೂಗುತ್ತಿದ್ದಳು. ಆಮೇಲೆ ಅವಳು ಟೀವಿಯ ಪಕ್ಕ ಕುರ್ಚಿ ಎಳೆದುಕೊಂಡು ಶಬ್ದದ ಗುಂಡಿಯ ಮೇಲೆ ಬೆರಳಿಟ್ಟು ಕೂರುವಳು. ಮಾತಿಗೆ ಶಬ್ದ ಜಾಸ್ತಿ, ನಗು ಬರುವ ಹೊತ್ತಿಗೆ ಪೂರ್ತಿ ಬಂದ್. ಯಾವ ಮಾತಿಗೆ ಜನ ನಗುತ್ತಾರೆಂದು ಅವಳಿಗೆ ಬಾಯಿಪಾಠ. ಒಂದು ಸಲವೂ ತಪ್ಪಿದವಳಲ್ಲ. ಎಲ್ಲರ ಮನೆಯಲ್ಲೂ ಹೀಗೇ ನೋಡುತ್ತಾರೆ ಎಂದು ನಾನು ಹತ್ತು ವರ್ಷದವರೆಗೂ ನಂಬಿದ್ದೆ. ಗೆಳತಿಯ ಮನೆಯಲ್ಲಿ ಮೊದಲ ಸಲ ನಗುವಿನ ಸಮೇತ ನೋಡಿದಾಗ ಯಾರೋ ಮನೆಗೆ ನುಗ್ಗಿದರೆಂದು ಹೆದರಿ ಎದ್ದು ನಿಂತೆ.

ಕಾರಣ ಹೇಳಿದವಳು ನೀನೇ. ಪ್ರೇಕ್ಷಕರು ಕಡಿಮೆ ಬಂದ ದಿನ ದರ್ಜಿಯಾದ ನಿನ್ನನ್ನೂ ಮೂರನೇ ಸಾಲಿನಲ್ಲಿ ಕೂರಿಸುತ್ತಿದ್ದರು. ನೀನು ಎಲ್ಲರಿಗಿಂತ ಅರೆಗಳಿಗೆ ಮೊದಲು ನಗುತ್ತಿದ್ದೆ, ಉಳಿದವರು ನಿನ್ನ ಹಿಂದೆ ಬರುತ್ತಿದ್ದರು. ತಾತ ತೀರಿಕೊಂಡ ಶುಕ್ರವಾರ ಸಂಜೆ ಪಕ್ಕದ ಮನೆಯ ಟೀವಿಯಿಂದ ಗೋಡೆ ದಾಟಿ ಬಂದದ್ದೂ ಅದೇ ನಗು. "ಅಪ್ಪನ್ನ ಮಲಗಿಸಿದ್ದಾರೆ, ದೊಡ್ಡ ಮಗಳು ಅಲ್ಲಿ ನಗ್ತಿದಾಳೆ" ಎಂದರಂತೆ ನೆಂಟರು. ಮಾರನೇ ಬೆಳಿಗ್ಗೆ ನೀನು ಬಂದಾಗ ಅಮ್ಮ ಕೇಳಿದ್ದು ಒಂದೇ ಮಾತು, "ಎಲ್ಲಿದ್ದೆ?" ನೀನು "ರೈಲಲ್ಲಿ" ಎಂದೆ. ನೇರ ಪ್ರಸಾರ ಎಂದು ಊರಿಗೆಲ್ಲ ಗೊತ್ತಿದ್ದಮೇಲೆ ಯಾರು ನಂಬುತ್ತಾರೆ? ಶಬ್ದ ನೋಡಿಕೊಳ್ಳುತ್ತಿದ್ದವರನ್ನು ನೀನು ಕೇಳಿದಾಗ "ನನಗೇನಮ್ಮ ಗೊತ್ತು, ಯಾರದೋ ನಗು ಇರ್ಬೇಕು" ಎಂದು ಕೈಕೊಡವಿದರಂತೆ. "ನಾನು ರೈಲಲ್ಲಿದ್ದೆ ಮಗಳೇ, ನನ್ನ ನಗು ಅಲ್ಲಿತ್ತು. ಹೇಗೆ ಅಂತ ನಂಗೂ ಗೊತ್ತಿಲ್ಲ" ಎಂದು ನೀನು ಹೇಳಿದ್ದು ನನಗೆ ಇನ್ನೂ ನೆನಪಿದೆ.

ದೊಡ್ಡಮ್ಮ, ಹೇಗೆ ಅಂತ ಈಗ ಗೊತ್ತಾಯಿತು.

ಗುರುವಾರ ಆ ಶುಕ್ರವಾರದ ಟೇಪು ಬಂತು. ಡಬ್ಬಿಯೊಳಗೆ ಒಂದು ಕಾರ್ಡು, ಅದೇ ಶಬ್ದದವರ ಅಕ್ಷರ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: "ಜೋರು ಮಳೆ. ಪ್ರೇಕ್ಷಕರು ಒಂಬತ್ತು ಜನ, ನಗು ಸಾಲದು. ಏಳನೇ ಟೇಪಿನಿಂದ ಮೂರನೇ ಸಾಲಿನ ನಗು ಹಾಕಿದೆ. ದರ್ಜಿ ಅಕ್ಕ ಊರಿಗೆ ಹೋಗಿದ್ದಾರೆ."

ಓದಿದವಳೇ ಎದ್ದು ಹೋಗಿ ಟೇಪಣ್ಣನಿಗೆ ತೋರಿಸಿದೆ. ಅವರು ಕಾರ್ಡನ್ನು ಬೆಳಕಿಗೆ ಹಿಡಿದು, "ಹೂಂ, ಹಿಡಿದಿಟ್ಟ ನಗು ಹಾಕಬಾರದು ಅಂತ ಆಗ ಕಟ್ಟುನಿಟ್ಟು. 'ಇಲ್ಲಿ ಕೇಳಿಸೋದೆಲ್ಲ ನಿಜವಾದ ನಗು' ಅಂತ ಶುರುವಿನಲ್ಲಿ ಬೋರ್ಡೇ ತೋರಿಸ್ತಿದ್ರು. ಗೊತ್ತಾದ್ರೆ ಕೆಲಸ ಹೋಗ್ತಿತ್ತು, ಅದಕ್ಕೆ ಬಾಯಿ ಬಿಟ್ಟಿಲ್ಲ. ಆದ್ರೂ ನೋಡು, ಲೆಕ್ಕಕ್ಕೆ ಅಂತ ಬರೆದಿಟ್ಟಿದ್ದಾನೆ, ಕಳ್ಳ!" ಎಂದರು. ಆಮೇಲೆ ನನ್ನ ಮುಖ ನೋಡಿ, "ಯಾರಮ್ಮ ಆ ದರ್ಜಿ ಅಕ್ಕ?" ಎಂದರು. ನಾಲ್ಕು ತಿಂಗಳಲ್ಲಿ ನಾನು ಅವರೊಡನೆ ಒಟ್ಟು ನಲವತ್ತು ಮಾತಾಡಿರಬಹುದು. ಅವತ್ತು ಊಟದ ಡಬ್ಬಿ ತೆರೆಯದೆ ಒಂದು ಗಂಟೆ ಮಾತಾಡಿದೆ.

ಶುಕ್ರವಾರ ಅವರು ನನ್ನ ಮೇಜಿನ ಮೇಲೆ ಒಂದು ವಿಡಿಯೊ ಕ್ಯಾಸೆಟ್ ಇಟ್ಟರು. ಏಳನೇ ಟೇಪಿನ ಪ್ರತಿ. ಮಾಲೀಕ ತನ್ನದೇ ಬಾಗಿಲು ತಟ್ಟಿ "ಯಾರೂ ಇಲ್ವಾ?" ಎಂದು ತನ್ನನ್ನೇ ಕರೆಯುವ ಕಂತು. ಅದರಲ್ಲಿ ನೀನು ನಿಜವಾಗಿಯೂ ಇದ್ದೀಯ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮೊದಲು ಸಣ್ಣದೊಂದು ಉಸಿರು, ಆಮೇಲೆ ಮಡಕೆ ಉರುಳಿದಂಥ ಆ ನಗು. ನೆಲಮಾಳಿಗೆಯಲ್ಲಿ ಒಬ್ಬಳೇ ನಕ್ಕೆ. ನೀನು ನಕ್ಕರೆ ಅಮ್ಮನಿಗೆ ತಡೆಯಲಾಗುತ್ತಿರಲಿಲ್ಲ, ಶಾಲೆಯಲ್ಲಿ ನಿಮ್ಮಿಬ್ಬರನ್ನೂ ಬೇರೆ ಬೇರೆ ಮೂಲೆಗೆ ಕೂರಿಸುತ್ತಿದ್ದರು ಎಂದು ಹೇಳಿದ್ದೆಯಲ್ಲ. ಯಾಕೆಂದು ಈಗ ತಿಳಿಯಿತು.

ಕಾರ್ಡು ನನ್ನ ನಿಘಂಟಿನೊಳಗೆ ಭದ್ರವಾಗಿದೆ. ಸೋಮವಾರ ವಾಪಸ್ ಇಡಬೇಕು, ಟೇಪಣ್ಣ ನಕಲು ತೆಗೆಸಿಕೊಟ್ಟಿದ್ದಾರೆ. ಈ ಮೂರು ದಿನವೂ ಅದನ್ನು ಅಮ್ಮನ ಮುಂದೆ ಇಟ್ಟು "ನೋಡು, ದೊಡ್ಡಮ್ಮ ಸುಳ್ಳು ಹೇಳಿರಲಿಲ್ಲ" ಎನ್ನುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ.

ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಕಣ್ಣಿಗೆ ಆಯಾಸವಾಗುವಷ್ಟು ಹೊಲಿಯಬೇಡ. ನಾನು ಸುಖವಾಗಿದ್ದೇನೆ, ನಿಜ ಹೇಳಬೇಕೆಂದರೆ ಇಷ್ಟು ಸುಖವಾಗಿ ಯಾವತ್ತೂ ಇರಲಿಲ್ಲ. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಸೂಜಿ ಮಾತ್ರ ಬೇರೆ ಕೈಯಲ್ಲಿರಲಿ.

ನಿನ್ನ ಪಿಸಪಿಸ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಬೆಳಿಗ್ಗೆ ಅಮ್ಮನ ಬೆರಳು ತಿರುಗಿದಾಗ ನಾನು ಕೇಳಿಬಿಟ್ಟೆ, "ಇನ್ನೂ ದೊಡ್ಡಮ್ಮನ ಮೇಲೆ ಅಷ್ಟು ಕೋಪವೇನಮ್ಮ?" ಅವಳು ಲೋಟ ತೊಳೆಯಲು ಎದ್ದಳು. ನಲ್ಲಿ ಬಿಟ್ಟು, ನನ್ನ ಕಡೆ ತಿರುಗದೆ ಹೇಳಿದಳು: "ಕೋಪ ಅಲ್ಲ ಕಣೆ. ಅವತ್ತು ಗೋಡೆ ಆಚೆಯಿಂದ ಅವಳ ನಗು ಬಂತಲ್ಲ, ನಂಗೂ ಬಂದ್ಬಿಡ್ತು. ಅಪ್ಪನ ಪಕ್ಕ ಕೂತ್ಕೊಂಡು, ಅವರ ಕೈ ಹಿಡ್ಕೊಂಡು, ಜೋರಾಗಿ ನಕ್ಬಿಟ್ಟೆ. ಮನೆ ತುಂಬ ಜನ ನನ್ನೇ ನೋಡಿದ್ರು. ಅವಳ ಮೇಲೆ ಹಾಕದೆ ಇದ್ದಿದ್ರೆ ಅದನ್ನ ಎಲ್ಲಿ ಇಟ್ಕೊಳ್ಳಲಿ?"

ಯಾರಿಗೂ ಹೇಳಬೇಡ ಎಂದು ಅವಳು ಅನ್ನಲಿಲ್ಲ. ಹಾಗಾಗಿ ನಿನಗೆ ಹೇಳಿದ್ದೇನೆ.

ಕಾರ್ಡಿನ ನಕಲನ್ನು ಅಮ್ಮನಿಗೆ ಈಗಲೇ ತೋರಿಸುವುದಿಲ್ಲ. ಅದು ಆಮೇಲೂ ಆಗುತ್ತದೆ. ಟೇಪಣ್ಣ ತಮ್ಮ ಕ್ಯಾಸೆಟ್ ಯಂತ್ರವನ್ನು ಒಂದು ವಾರದ ಮಟ್ಟಿಗೆ ಕೊಡುತ್ತೇನೆ ಎಂದಿದ್ದಾರೆ. ಮುಂದಿನ ಭಾನುವಾರ ಏಳನೇ ಟೇಪು ಹಾಕುತ್ತೇನೆ. ಅಮ್ಮನ ಕುರ್ಚಿಯನ್ನು ಎದುರಿಗೆ, ದೂರಕ್ಕೆ ಸರಿಸಿ, ಗುಂಡಿಯ ಪಕ್ಕ ಈ ಸಲ ನಾನು ಕೂರುತ್ತೇನೆ.