ಒಂದು ಸಾಲು ಕೆಳಗೆ ಜಾರಿದ ನಗು

ದಾವಣಗೆರೆ, ಫೆಬ್ರವರಿ ೩೧, ೨೨೧೯

...ಅದಕ್ಕೇ ಹೇಳಿದ್ದು ಶಿವಲೀಲಕ್ಕ, ತಪ್ಪು ನಿಮ್ಮದಲ್ಲ, ಚಾಟಿನ ನಗುಮುಖದ್ದು. ಫೆಬ್ರವರಿಗೆ ಮೂವತ್ತೊಂದನೇ ತಾರೀಕು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ, ನಮ್ಮಲ್ಲಿ ಬಂದಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಎನಿಸಿದರೆ ಕ್ಷಮಿಸಿ. ನಾನು ನೇಸರಿ, ನಿಮ್ಮ ಮನೆಯ ಚಾಟ್ ಗ್ರೂಪನ್ನು ಬಾಯಿಪಾಠ ಮಾಡಿದ ಅಭಿಮಾನಿ. ನಿಮ್ಮ ಕಾಲದ ಚಾಟುಗಳಲ್ಲಿ ಉಳಿದದ್ದು ಕೆಲವೇ. ನಿಮ್ಮದು ನಮಗೆ ಶಾಲೆಯಲ್ಲಿ ಪಾಠ!

ನಮ್ಮಲ್ಲಿ ಹುಟ್ಟಿದ ಮಗುವಿಗೆ ಹೆಸರಿಗಿಂತ ಮೊದಲು ಫೋನ್ ನಂಬರ್ ಬರುತ್ತದೆ. ಅದರ ಕೊನೆಯ ಎರಡು ಅಂಕಿಗೆ ಬಾಲಂಕಿ ಎನ್ನುತ್ತೇವೆ, ಅದೇ ಮುದ್ದಿನ ಹೆಸರು. ಅಜ್ಜಿ ನನ್ನನ್ನು ಕೂಗುವುದೇ "ಅರವತ್ತೇಳೂ, ಉಂಡ್ಯೇನೇ?" ಎಂದು. ಮದುವೆಯ ದಿನ ಸಾಲುತುಂಬು, ಅಂದರೆ ಗಂಡಿನ ಫೋನ್ ಸಾಲಿಗೆ ಹೆಣ್ಣನ್ನು ತುಂಬಿಸಿಕೊಳ್ಳುವ ಶಾಸ್ತ್ರ ಇರುತ್ತದೆ. ಹೊಸ್ತಿಲ ಮೇಲೆ ಗಂಡಿನ ಫೋನ್ ಇಡುತ್ತಾರೆ, ಹೆಣ್ಣು ಅದನ್ನು ಬಲಗಾಲಲ್ಲಿ ಒದ್ದು ಒಳಗೆ ಬರಬೇಕು. ನಮ್ಮ ಫೋನುಗಳು ದೋಸೆಯಷ್ಟು ಮೆತ್ತಗೆ, ಒಡೆಯುವುದಿಲ್ಲ. ಅಲ್ಲಿಂದ ಇಬ್ಬರಿಗೂ ಒಂದೇ ಪ್ಲಾನ್, ಒಂದೇ ನಂಬರ್, ಅವನದು. ಅವಳ ನಂಬರ್ ಆರಿಹೋಗುತ್ತದೆ. ನಮ್ಮಮ್ಮನಿಗೆ ತನ್ನ ಬಾಲಂಕಿ ಏನಿತ್ತೆಂಬುದೇ ಮರೆತುಹೋಗಿದೆ.

ಈ ಶಾಸ್ತ್ರಕ್ಕೆ ಆಧಾರ ಯಾವುದು ಗೊತ್ತೇ? ನಿಮ್ಮದೇ ಗ್ರೂಪು. ಮದುವೆಯಾದ ಹೊಸತರಲ್ಲಿ ನಿಮ್ಮವರು ಕೊಟ್ರೇಶಣ್ಣ ಬರೆದರು: "ಲೀಲಾ, ಎರಡು ಪ್ಲಾನ್ ಯಾಕೆ? ಒಂದರಾಗೇ ಸೇರಿಸಿಬಿಡೋಣ." ನಿಮ್ಮತ್ತೆ ನೀಲಮ್ಮ ನಡುವೆ ಬಾಯಿ ಹಾಕಿದರು: "ಹುಡುಗೀನ ಮನೆ ತುಂಬಿಸ್ಕೊಂಡಾತು, ಇನ್ನ ನಂಬರ್ ತುಂಬಿಸ್ಕೊಳ್ಳಾದೊಂದು ಬಾಕಿ ಐತಿ." ನೀವು ಬಿಟ್ಟೀರಾ? "ಅತ್ತೇರೆ, ಸೇರಕ್ಕಿ ಒದ್ದಂಗೆ ನಿಮ್ಮ ಮಗನ ಫೋನೂ ಒದೀಲಾ?" ಅದಕ್ಕೆ ಅವರು: "ಒದಿಯವ್ವ, ಮೂರು ಹೊತ್ತೂ ಅದ್ನೇ ಹಿಡ್ಕಂಡು ಕುಂತಿರ್ತಾನ!" ಆಮೇಲೆ ನೀವು ಬರೆದದ್ದು: "ಪ್ಲಾನ್ ಒಂದೇ ಇರ್ಲಿ. ನನ್ನ ನಂಬರ್ ಮಾತ್ರ ನಂದೇ."

ನಮ್ಮ ಪುಸ್ತಕದಲ್ಲಿ ನಗುಮುಖಗಳು ಇರುವುದು ಈ ಕೊನೆಯ ಮಾತಿನ ಪಕ್ಕದಲ್ಲಿ. ಹಾಗಾಗಿ ಅತ್ತೆ ಹೇಳಿದ್ದು ಶಾಸ್ತ್ರ, ಸೊಸೆ ಹೇಳಿದ್ದು ತಮಾಷೆ ಎಂದು ಪಂಡಿತರು ತೀರ್ಮಾನಿಸಿಬಿಟ್ಟರು. ಆದರೆ ಚಾಟ್ ಓದಿಯೇ ಬೆಳೆದ ನನಗೆ ಗೊತ್ತು, ಮಾತು ಕಳಿಸಿ, ಆಮೇಲೆ ನಗುವನ್ನು ಬೇರೆಯಾಗಿ ಕಳಿಸುವ ಅಭ್ಯಾಸ ನಿಮ್ಮತ್ತೆಯದು. ನಕಲು ಮಾಡಿದವರು ಆ ನಗುವನ್ನು ಮೇಲಿನ ಮಾತಿಗೆ ಸೇರಿಸದೆ ಕೆಳಗಿನದಕ್ಕೆ ಅಂಟಿಸಿದ್ದಾರೆ. ನಕ್ಕವರು ನೀಲಮ್ಮ. ನೀವು ನಗಲೇ ಇಲ್ಲ.

ಗುರುವಾರ ನನ್ನ ಮದುವೆ. ಇದನ್ನೆಲ್ಲ ಹೇಳಿ, ನನ್ನ ನಂಬರ್ ಬಿಡುವುದಿಲ್ಲ ಎಂದಾಗ ನನ್ನ ಅತ್ತೆಯಾಗುವವರು ಕೆಂಡವಾದರು. "ಎಲ್ಲರೂ ಒದ್ದು ಬಂದಾರ, ನಿಂದೇನು ಹೆಚ್ಚಿಗಿ? ಹಿಂಗೇ ಹಟ ಮಾಡಿದ್ರೆ ಲಗ್ನ ಮುರೀತೈತಿ ನೋಡು." ಮದುವೆಯಾಗುವ ಹುಡುಗ ಹರುಷ ತಲೆ ಕೆರೆದುಕೊಂಡ. "ಅಲ್ಲವ್ವಾ, ಇಬ್ರಿಗೂ ಒಂದೇ ನಂಬರ್ ಆದ್ರೆ ನಾ ಇಕಿಗೆ ಫೋನ್ ಹಚ್ಚಿದಾಗ ಯಾರು ಎತ್ತಬೇಕು? ನಾನೇ?" ಅತ್ತೆಗೂ ನಗು ತಡೆಯಲಾಗಲಿಲ್ಲ. ಒಪ್ಪಿದೆ ಎಂದು ಮಾತ್ರ ಇನ್ನೂ ಬಾಯಿಬಿಟ್ಟು ಹೇಳಿಲ್ಲ.

ಹೇಳದಿದ್ದರೂ ಸರಿ, ನಾನು ಫೋನ್ ಒದೆಯುವುದಿಲ್ಲ. ಅದನ್ನು ಹೊಸ್ತಿಲಿಂದ ಎತ್ತಿ ಹರುಷನ ಕೈಗೆ ಕೊಟ್ಟು, ನನ್ನದನ್ನು ನನ್ನ ಕೈಯಲ್ಲೇ ಹಿಡಿದು ಒಳಗೆ ಹೋಗುತ್ತೇನೆ. ಪ್ಲಾನ್ ಖಂಡಿತ ಒಂದೇ ಇರಲಿ, ಹಂಚಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ.

ಒಂದು ಮಾತ್ರ ತಿಳಿಯದೆ ಉಳಿದಿದೆ. "ಅಂಗಡಿಗೆ ಹೊಂಟ್ವಿ" ಎಂದು ನೀವು ಬರೆದಲ್ಲಿಗೆ ಗ್ರೂಪು ನಿಂತುಹೋಗಿದೆ. ಪ್ಲಾನ್ ಸೇರಿಸುವಾಗ ಮುಖ್ಯ ನಂಬರ್ ಯಾರದು ಎಂದು ಅಂಗಡಿಯವರು ಕೇಳಿಯೇ ಕೇಳಿರುತ್ತಾರೆ. ನನ್ನನ್ನು ಕೇಳಿದರೆ ಹರುಷನ ಮುಖ ನೋಡದೆ "ನಂದು" ಎನ್ನುತ್ತೇನೆ. ನೀವು ಯಾರದೆಂದು ಹೇಳಿದಿರಿ ಅಕ್ಕ, ನಾವೂ ಓದುವಂತೆ ನಿಮ್ಮತ್ತೆಯೂ ಇರುವ ಆ ಗ್ರೂಪಿನಲ್ಲೇ ಅದನ್ನು ಬರೆಯುವ ಧೈರ್ಯ ಇದೆಯೇ?