ಗಡಿಹೆರಿಗೆ ಒಲ್ಲೆನೆಂದವಳು

ಫೆಬ್ರವರಿ 30, 2174
ನಡುಪಟ್ಟಣ, ರಾಜಧಾನಿ ವಲಯ

ನಮಗಿಂತ ಮೊದಲು ಬದುಕಿದವರಿಗೆ,

ಇಂಥ ತಾರೀಖು ನಿಮ್ಮ ಪಂಚಾಂಗದಲ್ಲಿ ಇಲ್ಲವೆಂದು ಬಲ್ಲೆ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ಮನುಷ್ಯರನ್ನು ಮಾತ್ರ ಸಮ ಮಾಡಿಲ್ಲ. ನನ್ನ ಕೆಲವು ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ, ಬಿಡಿಸಿ ಹೇಳುತ್ತೇನೆ.

ನಡುಪಟ್ಟಣ ದೇಶದ ರಾಜಧಾನಿ. ತುಂಗಭದ್ರೆಯ ದಂಡೆಯ ನಮ್ಮ ಹಳ್ಳಿಗಳನ್ನು ಸೇರಿಸಿ ಕಟ್ಟಿದ ಊರು. ದೇಶದ ಮಹಾಸಭೆ ಇಲ್ಲೇ ಕೂಡುತ್ತದೆ. ಅದರ ಸದಸ್ಯರ ಬಟ್ಟೆ ಒಗೆಯುವವರು, ಅವರಿಗೆ ರೊಟ್ಟಿ ಬಡಿಯುವವರು, ಅವರು ಓಡಾಡುವ ಟ್ರಾಮ್ ನಡೆಸುವವರು ನಾವು. ಆದರೆ ಆ ಸಭೆಯಲ್ಲಿ ನಮ್ಮ ಕಡೆಯವರೊಬ್ಬರೂ ಇಲ್ಲ. ನಮ್ಮದೊಂದು ನಗರಸಭೆಯೂ ಇಲ್ಲ. ಚರಂಡಿ ಕಟ್ಟಿಕೊಂಡರೂ ಮಹಾಸಭೆ ನೇಮಿಸಿದ ಆಡಳಿತಾಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ರಾಜಧಾನಿ ಎಲ್ಲರದು, ಆದ್ದರಿಂದ ಅಲ್ಲಿರುವವರದು ಆಗಬಾರದು ಎನ್ನುತ್ತದೆ ಕಾನೂನು. ಇಲ್ಲಿ ಹುಟ್ಟಿದವರಿಗೆ ಸಾಯುವ ತನಕ ಮತವಿಲ್ಲ; ಆಚೆ ಹುಟ್ಟಿದವರಿಗೆ ಹುಟ್ಟಿದ ಊರಿನಲ್ಲಿ ಮತ ಉಂಟು. ಹಾಗಾಗಿ ಬಸುರಿಯರು ದಿನ ತುಂಬುವ ಹೊತ್ತಿಗೆ ಬಸ್ಸು ಹತ್ತಿ, ವಲಯದ ಗಡಿ ದಾಟಿ, ಆಚೆ ಹಡೆದು ಬರುತ್ತಿದ್ದರು. ಇದಕ್ಕೆ ಗಡಿಹೆರಿಗೆ ಎನ್ನುತ್ತಿದ್ದೆವು. ಎಲ್ಲರೂ ಆಚೆಗೇ ಹೋಗುವುದನ್ನು ನೋಡಿ ಮಹಾಸಭೆ ಊರಿನ ಹೆರಿಗೆ ಆಸ್ಪತ್ರೆಯನ್ನೂ ಮುಚ್ಚಿತು. ಬೇಡವೆಂದು ಎತ್ತಲು ಅಲ್ಲಿ ನಮ್ಮದೊಂದು ಕೈ ಇರಲಿಲ್ಲ.

ನನ್ನ ನಡುವಿನ ತಂಗಿ ಹೊನ್ನವ್ವ ಹಾಗೆ ಹೊರಟವಳು. ಸದಸ್ಯರ ಕಾರುಗಳು ಹೋಗಲೆಂದು ಗಡಿಯ ಗೇಟಿನಲ್ಲಿ ನಮ್ಮ ಬಸ್ಸು ತಡೆದರು. ರಕ್ತ ಹೋಗುತ್ತಿದೆ ಎಂದು ನಾನು ಇಳಿದು ಬೇಡಿಕೊಂಡೆ. ಕಾರುಗಳು ದಾಟಲಿ ಎಂದರು. ದಾಟಿದವು. ಹೊನ್ನವ್ವ ದಾಟಲಿಲ್ಲ, ಅವಳ ಕೂಸೂ ದಾಟಲಿಲ್ಲ.

ಮರುವರ್ಷ ಕಿರಿಯ ತಂಗಿ ಹುಲಿಗೆವ್ವನಿಗೆ ದಿನ ತುಂಬಿತು. ಟ್ರಾಮ್ ನಡೆಸುವವಳು, ಮಾತು ಕಡಿಮೆ. ಗಂಡ ಬಸ್ಸಿನ ಟಿಕೆಟ್ ತಂದಿಟ್ಟಿದ್ದ. ಕೂಸಿಗೆ ಮತವಾದರೂ ಇರಲಿ, ಹೊರಡು ಎಂದೆ ನಾನು.

"ನಾ ಒಲ್ಲೆಕ್ಕಾ," ಅಂದಳು. "ಕಳ್ಳರಂಗ ಮಂದಿ ಊರಿಗೆ ಹೋಗಿ ಯಾಕ ಹಡೀಬೇಕು? ನಾ ಇಲ್ಲೇ ಹಡೀತೀನಿ."

ಇಲ್ಲೇ ಎಂದರೆ ಎಲ್ಲಿ? ಊರಿನಲ್ಲಿ ಉಳಿದಿದ್ದ ಹೆರಿಗೆ ಕೋಣೆ ಒಂದೇ. ಅದು ಮಹಾಸಭೆಯ ಕಟ್ಟಡದೊಳಗೆ, ಸದಸ್ಯರ ಮನೆಯವರಿಗೆ ಮೀಸಲು. ಹುಲಿಗೆವ್ವ ಆ ಕಟ್ಟಡದ ಮೆಟ್ಟಿಲ ಮೇಲೆ ಹೋಗಿ ಕೂತಳು. ಮಾರನೆಯ ದಿನ ಇನ್ನಷ್ಟು ಬಸುರಿಯರು ಬಂದು ಪಕ್ಕದಲ್ಲಿ ಕೂತರು. ಬಿಸಿಲಿಗೆ ನಾವು ಸೀರೆ ಹಿಡಿದು ನೆರಳು ಮಾಡಿದೆವು. ಸದಸ್ಯರು ನಮ್ಮ ಮುಖ ನೋಡಲಾರದೆ ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಹುಲಿಗೆವ್ವನಿಗೆ ನೋವು ಶುರುವಾದಾಗ ಕಾವಲಿನವರು ಅಪ್ಪಣೆ ಇಲ್ಲವೆಂದು ಅಡ್ಡ ನಿಂತರು. ಒಳಗಿನ ಡಾಕ್ಟರಮ್ಮ ತಾವೇ ಹೊರಗೆ ಬಂದು, ಯಾರನ್ನೂ ಕೇಳದೆ, ಅವಳನ್ನು ತೋಳು ಹಿಡಿದು ಕರೆದೊಯ್ದರು. ಹೆಣ್ಣುಕೂಸು ಹುಟ್ಟಿತು.

ಸಂಜೆ ಆಡಳಿತಾಧಿಕಾರಿ ಹಣ್ಣಿನ ಬುಟ್ಟಿ ಹಿಡಿಸಿಕೊಂಡು ಬಂದರು. ಕೂಸು ಗಡಿಯಾಚೆ ಹುಟ್ಟಿತೆಂದು ಬರೆಸುತ್ತೇನೆ, ಅದಕ್ಕೆ ಮತ ಸಿಗುತ್ತದೆ, ಉಳಿದವರನ್ನು ಎಬ್ಬಿಸಿಕೊಂಡು ಮನೆಗೆ ಹೋಗಿ ಎಂದರು. ನಾನು ಹೂಂ ಎನ್ನುವವಳೇ ಇದ್ದೆ. ಹುಲಿಗೆವ್ವ ಮಲಗಿದಲ್ಲಿಂದಲೇ ಹೇಳಿದಳು:

"ಸುಳ್ಳ ಬರೀಬ್ಯಾಡ್ರಿ ಸಾಹೇಬ್ರ. ಈಕಿ ಹುಟ್ಟಿದ್ದು ನಡುಪಟ್ಟಣದಾಗ. ಓಟು ಕೊಡೂದಿದ್ರ ಊರಿಗೆಲ್ಲಾ ಕೊಡ್ರಿ, ಇಲ್ಲಾಂದ್ರ ಈಕಿಗೂ ಬ್ಯಾಡ."

ಬುಟ್ಟಿ ವಾಪಸು ಹೋಯಿತು. ಮೆಟ್ಟಿಲ ಮೇಲಿನ ಹೆಂಗಸರು ಏಳಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಆಸ್ಪತ್ರೆಯ ಬೀಗ ತೆಗೆದರು. ಅಂದಿನಿಂದ ಗಡಿಹೆರಿಗೆಗೆ ಯಾರೂ ಹೋಗಿಲ್ಲ. ಆದರೆ ಮತ ಬರಲಿಲ್ಲ. ಕೂಸು ಬೆಳೆದು ಹದಿನೆಂಟರ ಹುಡುಗಿಯಾದಳು. ಕಳೆದ ತಿಂಗಳು ದೇಶವೆಲ್ಲ ಮತ ಹಾಕಿದ ದಿನ, ಮಹಾಸಭೆ ಇರುವ ಈ ಊರಿನಲ್ಲೇ ಒಂದು ಮತಗಟ್ಟೆಯೂ ಇರಲಿಲ್ಲ. ಸಿಟ್ಟಿಗೆ ನನಗೆ ಊಟ ಸೇರಲಿಲ್ಲ. ಹುಡುಗಿ ಮಾತ್ರ ಶಾಲೆಯ ಅಂಗಳದಲ್ಲಿ ಮೇಜು ಹಾಕಿ ನಮ್ಮದೇ ಮತಪೆಟ್ಟಿಗೆ ಇಟ್ಟಳು. ಇಡೀ ಊರು ಸಾಲು ನಿಂತಿತು. ಮಹಾಸಭೆಗೆ ನಮ್ಮ ಕಡೆಯವಳಾಗಿ ಹುಲಿಗೆವ್ವ ಆರಿಸಿ ಬಂದಳು. ಮಹಾಸಭೆ ಅವಳನ್ನು ಒಳಗೆ ಬಿಟ್ಟಿಲ್ಲ. ನಾಳೆ ಮತ್ತೆ ಹೋಗುತ್ತೇವೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಎಂದಾದರೂ ಯಾರಾದರೂ ನಿಮ್ಮ ಮುಂದೆ ಹೊಸ ರಾಜಧಾನಿಯ ನಕ್ಷೆ ಹರಡಿ ಇದು ಎಲ್ಲರದು ಎಂದರೆ, ಅಲ್ಲಿ ಈಗ ಯಾರ ಮನೆಯ ಒಲೆ ಉರಿಯುತ್ತಿದೆ ಎಂದು ವಿಚಾರಿಸಿ. ಅವರನ್ನು ಕೇಳದೆ ಒಪ್ಪಬೇಡಿ. ಆಗ ನಾವು ಹುಟ್ಟಿರಲಿಲ್ಲ, ನೀವು ಇದ್ದಿರಿ.

ಇಂತು,
ನಡುಪಟ್ಟಣದ ಫಕೀರವ್ವ