ಕೈ ಹಿಂದಕ್ಕೆಳೆಯುವ ಚಾಳಿ

ಕ್ಲೆಮೆಂಟಿ, ಸಿಂಗಪುರ
೧೨-೬-೧೯೯೪, ಭಾನುವಾರ ಸಂಜೆ

ಪ್ರೀತಿಯ ಮೈಥಿಲಿ,

ನೀನೂ ವಿಭಾಳೂ ಆರೋಗ್ಯವಾಗಿದ್ದೀರಿ ತಾನೆ? ಅತ್ತೆಯವರ ಮಂಡಿನೋವು ಹೇಗಿದೆ? ಮೈಸೂರಿನಲ್ಲಿ ಮಳೆ ಹಿಡಿದಿದ್ದರೆ ಮಗುವಿನ ಎದೆ ಜೋಪಾನ, ಅವಳಿಗೆ ಬೇಗ ಕಫ ಕಟ್ಟುತ್ತದೆ. ನಿನಗೆ ಇದನ್ನು ಹೇಳುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ, ಗೊತ್ತು. ನೀವಿಬ್ಬರೂ ಈ ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು. ನಿನ್ನ ವಕೀಲರ ಲಕೋಟೆ ಏಪ್ರಿಲ್‌ನಲ್ಲೇ ಬಂತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಗಬೇಡ, ನಾನೀಗ ಬೇಸ್‌ಬಾಲ್ ಆಡುತ್ತೇನೆ. ಜುರಾಂಗ್‌ನ ನಮ್ಮ ಜಪಾನೀ ಫ್ಯಾಕ್ಟರಿಗೆ ಒಂದು ತಂಡವಿದೆ. ಕಾಲೇಜಿನಲ್ಲಿ ವಿಕೆಟ್ ಕೀಪರ್ ಆಗಿದ್ದೆ ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು, ಬ್ಯಾಟು ಹಿಡಿದವನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಮಾಡಿಬಿಟ್ಟರು. ಎದೆಗೆ ಕವಚ, ಮುಖಕ್ಕೆ ಕಬ್ಬಿಣದ ಜಾಲರಿ, ಎಡಗೈಗೆ ದಿಂಬಿನಂಥ ಗ್ಲೌಸು. ನೀನು ನೋಡಿದ್ದರೆ ದೃಷ್ಟಿ ತೆಗೆಯುತ್ತಿದ್ದೆ. ಕಲಿಸುವವರು ನಮ್ಮ ಗೋಡೌನಿನ ಮೊರಿತಾ ಸಾನ್, ಹರೆಯದಲ್ಲಿ ಜಪಾನಿನ ವೃತ್ತಿಪರ ತಂಡವೊಂದರಲ್ಲಿ ನಾಲ್ಕು ವರ್ಷ ಕ್ಯಾಚರ್ ಆಗಿದ್ದವರು. ಕ್ಯಾಚರ್ ಬ್ಯಾಟು ಬೀಸಲು ಬಾರದವನಾದರೂ ಅಡ್ಡಿಯಿಲ್ಲ ಎನ್ನುತ್ತಾರೆ ಅವರು. ನೆಲಕ್ಕೆ ಬಿದ್ದು ಪುಟಿಯುವ ಚೆಂಡನ್ನು ಕೈಯಲ್ಲಿ ಹುಡುಕದೆ ಮೈಯೊಡ್ಡಿ ತಡೆಯಬೇಕಂತೆ. ಎಸೆಯುವವನ ತಲೆ ಕೆಟ್ಟ ದಿನ ಅವನ ಹತ್ತಿರ ಹೋಗಿ ಸಮಾಧಾನ ಹೇಳಬೇಕಂತೆ, ಅದೂ ಬೇರೆಯವರಿಗೆ ಕೇಳಿಸದಂತೆ. ಎಲ್ಲಕ್ಕಿಂತ ದೊಡ್ಡ ವಿದ್ಯೆ ಇನ್ನೊಂದು: ಎಸೆತ ಬೀಳಬೇಕಾದ ಚೌಕದ ಅಂಚಿಗೆ ಬಂದ ಚೆಂಡನ್ನು ಹಿಡಿದ ಜಾಗದಲ್ಲೇ ಅಲುಗಾಡದಂತೆ ನಿಲ್ಲಿಸಬೇಕು. ಆಗ ಬೆನ್ನ ಹಿಂದಿನ ಅಂಪೈರ್ ಅದನ್ನು ಒಳ್ಳೆಯ ಎಸೆತವೆಂದು ಒಪ್ಪುತ್ತಾನೆ.

ನಾನು ಸೋತದ್ದು ಅಲ್ಲೇ. "ಕೈ ಹಿಂದಕ್ಕೆ ಬಿಡೋ, ಮೊಟ್ಟೆ ಹಿಡಿದ ಹಾಗೆ ಹಿಡಿಯೋ" ಎಂದು ಕಾಲೇಜಿನ ಅನಂತರಾಮ್ ಮೇಷ್ಟ್ರು, ಮೊಟ್ಟೆ ಮುಟ್ಟದ ಮನೆಯ ಹುಡುಗನಿಗೆ ಮೂರು ವರ್ಷ ಕೀಪಿಂಗ್ ಕಲಿಸಿದ್ದರು. ಚೆಂಡು ಬಂತೆಂದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಇವತ್ತಿನ ಪಂದ್ಯದ ಕೊನೆಯ ಎಸೆತ ಸರಿಯಾಗಿ ಅಂಚಿಗೇ ಬಂದಿತ್ತು. ಎಳೆದುಬಿಟ್ಟೆ. ಅಂಪೈರ್ ಒಪ್ಪಲಿಲ್ಲ, ಎದುರಾಳಿಗೆ ಪುಕ್ಕಟೆ ರನ್ ಸಿಕ್ಕಿ ಪಂದ್ಯ ಹೋಯಿತು. ಮೊರಿತಾ ಸಾನ್ ಬೈಯಲಿಲ್ಲ. ಜಪಾನಿನಲ್ಲಿ ಕ್ಯಾಚರ್‌ನನ್ನು ಎಸೆಯುವವನ ಹೆಂಡತಿ ಎನ್ನುತ್ತಾರಂತೆ. "ಹಯಾ ಸಾನ್, ಯೂ ನಾಟ್ ವೈಫ್" ಎಂದು ಹೆಗಲು ತಟ್ಟಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬಸ್ಸಿನಲ್ಲಿ ಅಳು ಬಂತು. ವಿಭಾಗೆ ನೂರಾನಾಲ್ಕು ಜ್ವರ ಬಂದ ದಿನ ನೀನು ಮೂರು ಸಲ ಫ್ಯಾಕ್ಟರಿಗೆ ಫೋನ್ ಮಾಡಿದೆ. ನಾನು ಶಿಫ್ಟ್ ಮುಗಿಸಿಯೇ ಬಂದೆ. ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್‌ನ ಬಯಲು ಜಗಲಿಯಲ್ಲಿ ಕೂತಿದ್ದ ಚೀನೀ ಆಂಟಿ ನಿನಗೆ ಟ್ಯಾಕ್ಸಿ ಹಿಡಿದುಕೊಟ್ಟಿದ್ದರು. ಮಾರನೆಯ ದಿನ ನೀನು ಹೇಳಿದ್ದು ಇಷ್ಟೇ: "ರೀ, ನೀವೇ ಎತ್ಕೊಂಡು ಹಾಸ್ಪಿಟಲ್‌ಗೆ ಓಡಿದ್ರಿ ಅಂತ ಅಪ್ಪಂಗೆ ಹೇಳಿದೀನಿ, ಹಾಗೇ ಮ್ಯಾನೇಜ್ ಮಾಡಿ." ಮಾವ ಫೋನಿನಲ್ಲಿ ಹೊಗಳಿದರು. ನಾನು ಹೊಗಳಿಸಿಕೊಂಡೆ! ಏಳು ವರ್ಷ ನನ್ನ ಅಡ್ಡಾದಿಡ್ಡಿ ಎಸೆತಗಳನ್ನೆಲ್ಲ ನೀನು ಮೈಯೊಡ್ಡಿ ಹಿಡಿದು, ಒಳ್ಳೆಯವೆಂದು ಊರಿಗೆಲ್ಲ ತೋರಿಸಿದೆ. ನೀನು ಏನಾದರೂ ಹೇಳಲು ಬಂದರೆ ನಾನು ಪೇಪರ್ ಎತ್ತಿಕೊಂಡೆ. ನಾಚಿಕೆಯಾಗುತ್ತದೆ ಮೈಥಿಲಿ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಈಗ ತಿಳಿದು ಏನು ಬಂತು? ನೀನು ವಾಪಸು ಬರುವುದಿಲ್ಲ. ಬಾ ಎಂದು ಕರೆಯುವ ಮುಖ ನನಗೂ ಇಲ್ಲ.

ಅತ್ತೆ ಮಾವ ಬೇಡವೆನ್ನದಿದ್ದರೆ ಅವರಿಗೆ ನನ್ನ ನಮಸ್ಕಾರ. ವಿಭಾಗೆ ಆಶೀರ್ವಾದ, ಎರಡು ಕೆನ್ನೆಗೂ ಮುತ್ತು.

ಇಂತಿ,
ಹಯಗ್ರೀವ

ತಾ.ಕ.: ಮನಸ್ಸು ಬದಲಾಗುವ ಮೊದಲು ಬರೆದುಬಿಡುತ್ತೇನೆ. ವಿಚ್ಛೇದನದ ಕಾಗದಕ್ಕೆ ಮೂರು ಕಡೆಯೂ ಸಹಿ ಹಾಕಿ ಇದರಲ್ಲೇ ಇಟ್ಟಿದ್ದೇನೆ. ಅಪ್ಪ ಯಾಕೆ ಬರುವುದಿಲ್ಲ ಎಂದು ವಿಭಾ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಇದೊಂದನ್ನು ಒಳ್ಳೆಯದೆಂದು ತೋರಿಸಬೇಡ.